ನಡುವಿನ ಅಕ್ಷರ

ರಾತ್ರಿ ಎರಡೂ ಹತ್ತಕ್ಕೆ ಯಂತ್ರ ಕೂಗಿತು.
ಹದಿಮೂರನೇ ಗೂಡು. ಸೀಸೆಯ ಮೇಲೆ
ಜುಲೇಖಾಬಿ, ನಲವತ್ತೊಂಬತ್ತು, ಕ್ಯಾನ್ಸರ್ ವಾರ್ಡು.
ಎರಡು ಚಮಚ ನೆತ್ತರು
ಹನ್ನೊಂದೇ ಗಂಟೆಯಲ್ಲಿ ಬಾಯಿ ಬಿಡಬಾರದು.

ನಾನವಳನ್ನು ಕಂಡಿಲ್ಲ.
ಈ ನೆಲಮಾಳಿಗೆಯಲ್ಲಿ ಯಾರನ್ನೂ ಕಾಣುವುದಿಲ್ಲ,
ಅವರೊಳಗೆ ಬೆಳೆದದ್ದನ್ನು ತಂದು ಸಾಕುತ್ತೇವೆ
ಬಾಣಂತಿ ಕೋಣೆಯ ಬೆಚ್ಚನೆಯಲ್ಲಿ.
ಸೀಸೆ ತಂದವಳು ಮಗಳು ತಬಸ್ಸುಮ್.
ಕಿಟಕಿಯಾಚೆಯಿಂದ ತಾನಾಗೇ ಹೇಳಿದಳು:
‘ಅಮ್ಮಿ ಇಪ್ಪತ್ತು ವರ್ಷ ಮಂಡಕ್ಕಿ ಭಟ್ಟಿಯಾಗ ಇದ್ಲು ಮೇಡಂ,
ಬೆಂಕಿ ಮುಂದೆ ಕುಂತಾಕಿ. ಇಷ್ಟು ಜ್ವರಕ್ಕ ಹೆದರಂಗಿಲ್ಲ.’

ಗಾಜಿನಡಿ ನೋಡಿದೆ. ಗುಲಾಬಿ ಬಣ್ಣದ ಗಿಡ್ಡ ಕಡ್ಡಿಗಳು
ಯಾರದೋ ಮದುವೆಗೆ ಎರಚಿದ ಅಕ್ಷತೆ.
ಇಷ್ಟು ಚೆಂದ ಇರಬಾರದಿತ್ತು.
ವಾರ್ಡಿಗೆ ಫೋನು ಮಾಡಿದೆ. ‘ಬಿಳಿಕಣ ಎಷ್ಟಿದೆ ಡಾಕ್ಟರ್?’
‘ನೂರು.’
ಸಾವಿರಗಟ್ಟಲೆ ಕಾವಲಿರಬೇಕಾದ ಊರಿಗೆ ನೂರು ಜನ.
ಕೆಟ್ಟ ನೆತ್ತರು ಸುಡಲೆಂದು ಹಚ್ಚಿದ ಬೆಂಕಿ
ಕೆಟ್ಟದ್ದು ಯಾವುದೆಂದು ಕೇಳುತ್ತಾ ಕೂರುವುದಿಲ್ಲ.

ಮರುದಿನ ತಟ್ಟೆ ತೆಗೆದೆ.
ಹನ್ನೆರಡು ಬಿಲ್ಲೆ, ಹನ್ನೆರಡು ಮದ್ದು.
ಕೆಲಸ ಬಲ್ಲ ಮದ್ದು ತನ್ನ ಸುತ್ತ
ದುಂಡಗೆ ಅಂಗಳ ಗುಡಿಸಿಕೊಳ್ಳುತ್ತದೆ.
ಇಲ್ಲಿ ಒಂದೂ ಗುಡಿಸಿಲ್ಲ. ಹೊಸ್ತಿಲ ತನಕ ಹುಲ್ಲು.
ಬರೆದೆ: ಆರ್. ಅದರ ಕೆಳಗೆ ಆರ್. ಮತ್ತೆ ಆರ್.
ಹಳಗನ್ನಡದ ಮೇಷ್ಟ್ರು ನೆನಪಾದರು,
ಆರ್ ಎಂದರೆ ಯಾರು.
ಯಾರು ಕಲಿಸಿದರು ಇವಕ್ಕೆ ಹನ್ನೆರಡು ಬೀಗ ತೆಗೆಯಲು?

ಹೋದ ವರ್ಷ ಗಂಟಲು ನೋವಿಗೆ
ಕೆ.ಟಿ.ಜೆ. ನಗರದ ಮೆಡಿಕಲ್ ಶಾಪಿನಲ್ಲಿ ನಿಂತಿದ್ದೆ.
ಚೀಟಿ ಇರಲಿಲ್ಲ. ಅವನು ಪಟ್ಟಿಯಿಂದ ಮೂರು ಕತ್ತರಿಸಿ ಕೊಟ್ಟ:
‘ಐ, ಏನಾಗಲ್ಲ ತಗೊಳ್ರಿ, ಮೂರು ಸಾಕು.’
ಎರಡು ನುಂಗಿದೆ. ಮೂರನೆಯದು
ಇನ್ನೂ ನನ್ನ ಪರ್ಸಿನಲ್ಲಿದೆ, ಬಸ್ ಟಿಕೆಟಿನ ಜೊತೆ.
ನಾನು. ಈ ತಟ್ಟೆ ಓದಿ ಸಂಬಳ ತಿನ್ನುವವಳು.

ಉಳಿದದ್ದು ಒಂದೇ, ನನ್ನಪ್ಪನ ಕಾಲದ್ದು.
ಮೂತ್ರಪಿಂಡ ಕೆಡಿಸುತ್ತದೆಂದು ಅಟ್ಟ ಹತ್ತಿಸಿದ್ದನ್ನು
ಧೂಳು ಕೊಡವಿ ಇಳಿಸಿದ್ದೇವೆ.
ಪುಟ್ಟ ಗುಂಡಿಗಳ ಸಾಲಿನಲ್ಲಿ
ಮದ್ದು ಅರ್ಧ, ಅರ್ಧದಲ್ಲಿ ಅರ್ಧ.
ತೆಳು ತುದಿಯಿಂದ ಎಣಿಸುತ್ತಾ ಬಂದೆ:
ಗಂಜಿ, ಗಂಜಿ, ಗಂಜಿ,
ತಿಳಿ.
ಎರಡು ಸಲ ಬೆಳಕಿಗೆ ಹಿಡಿದು ನೋಡಿದೆ. ತಿಳಿ.

ಆದರೂ ಎಸ್ ಬರೆಯುವಂತಿಲ್ಲ.
ನಿಯಮದ ಪುಸ್ತಕದಲ್ಲಿ ಈ ಮದ್ದಿನ ಮುಂದೆ
ಆ ಅಕ್ಷರವನ್ನೇ ಅಳಿಸಿದ್ದಾರೆ. ಗೆದ್ದರೂ
ಗೆದ್ದೆ ಅನ್ನುವ ಹಕ್ಕಿಲ್ಲ. ಇರುವುದು ನಡುವಿನದು.
ಬರೆದೆ: ಐ.
ಏನಾಗಲ್ಲ ತಗೊಳ್ರಿ, ಎಂದಿತು ಕೈ.

ಆಮೇಲೆ ಎರಡು ದಿನ ಅವಳ ಹೆಸರಿನ ಸೀಸೆ ಬರಲಿಲ್ಲ.
ಸೀಸೆ ಬಾರದಿರುವುದಕ್ಕೆ ನಮ್ಮಲ್ಲಿ ಎರಡರ್ಥ,
ನಾವು ಕೇಳುವುದಿಲ್ಲ.
ಸಂಜೆ ಗೇಟಿನ ಹತ್ತಿರ ಮಂಡಕ್ಕಿ ಕಟ್ಟಿಸಿಕೊಂಡೆ.
ಕಾದ ಮರಳಿನಲ್ಲಿ ಒಂದು ಕ್ಷಣ ಉಂಟಂತೆ,
ಮುಂಚೆ ತೆಗೆದರೆ ಅಕ್ಕಿ, ತಡೆದರೆ ಕರಕು.
ಆ ಕ್ಷಣ ಬಲ್ಲವಳು ಮೂರನೇ ಮಹಡಿಯಲ್ಲಿ ಮಲಗಿದ್ದಾಳೆ.
ಅವಳ ಮಂಚದ ಪಕ್ಕ ಯಾರೋ
ಮದ್ದಿನ ಹನಿಯನ್ನೂ ಚೀಲಕ್ಕಿಳಿದ ಮೂತ್ರವನ್ನೂ
ಗಂಟೆಗೊಮ್ಮೆ ಅದೇ ಲೆಕ್ಕದಲ್ಲಿ ತೂಗುತ್ತಿದ್ದಾರೆ.

ಬುಧವಾರ ತಬಸ್ಸುಮ್ ಬಂದಳು.
ಸೀಸೆಯಲ್ಲಿ ನೆತ್ತರು ಇನ್ನೂ ಬೆಚ್ಚಗಿತ್ತು.
ಹದಿಮೂರನೇ ಗೂಡು ಖಾಲಿಯಿತ್ತು.
ಬೇಡವೆಂದು ಪಕ್ಕದ್ದರಲ್ಲಿಟ್ಟೆ.
ವಿಜ್ಞಾನ ಓದಿದವಳು.

ಹನ್ನೊಂದು ಗಂಟೆ ಕಳೆಯಿತು. ಹನ್ನೆರಡು.
ಇದೆ ಅನ್ನಲು ಒಂದು ರಾತ್ರಿ ಸಾಕು,
ಇಲ್ಲ ಅನ್ನಲು ಐದು ದಿನ ಬೇಕು.
ನೆಲ ಒರೆಸುವ ಹನುಮಕ್ಕನಿಗೆ
ಮೊಬೈಲಿನ ಹಾಡು ಸಣ್ಣ ಮಾಡು ಎಂದೆ.
‘ಯಾಕ್ರೀ, ಯಾರಾರ ಮಲಗ್ಯಾರೇನು?’ ಅಂದಳು,
ಕೈಯಲ್ಲಿ ಒದ್ದೆ ಬಟ್ಟೆ ಹಿಡಿದು, ಖಾಲಿ ಕೋಣೆ ನೋಡುತ್ತಾ.